ಡ್ರೈವರ್ ಸೀಟಿನ ತೆಂಗಿನಕಾಯಿ

ಡ್ರೈವರ್ ಸೀಟಿನಲ್ಲಿ ತೆಂಗಿನಕಾಯಿ ಕೂತಿತ್ತು. ಜುಟ್ಟು ಮೇಲಕ್ಕೆ, ಹೊಟ್ಟೆಯ ಮೇಲೆ ಅಡ್ಡಲಾಗಿ ಸೀಟ್ ಬೆಲ್ಟು. ಲಾರಿಯ ಮೇಲೆ ಹತ್ತಿ ಕಾರಿನ ಕಿಟಕಿಗೆ ಮುಖ ಹಚ್ಚಿ ನೋಡಿದರೆ, ಯಾರೋ ತೀರಾ ಕುಳ್ಳ ಮನುಷ್ಯ ದೂರದೂರಿಗೆ ಹೊರಟು, ದಾರಿ ಕಾಣದೆ ಸುಮ್ಮನೆ ಕೂತ ಹಾಗಿರುತ್ತಿತ್ತು. ಆ ಯಾರ್ಡಿನಲ್ಲಿ ಗುಮಾಸ್ತನಾಗಿದ್ದ ಒಂದೂವರೆ ವರ್ಷದಲ್ಲಿ ಇಂಥ ಕಾಯಿಗಳನ್ನು ಎಷ್ಟು ಕೂರಿಸಿದೆನೋ ನೆನಪಿಲ್ಲ. ಎರಡನ್ನು ಮಾತ್ರ ಮರೆತಿಲ್ಲ.

ನಮ್ಮದು ಕಾರು, ಟ್ರ್ಯಾಕ್ಟರುಗಳನ್ನು ಲಾರಿಗೆ ಹತ್ತಿಸಿ ಬೇರೆ ಊರುಗಳಿಗೆ ಕಳಿಸುವ ಯಾರ್ಡು. ಅದನ್ನು ನಡೆಸುತ್ತಿದ್ದವರು ಕಮಲಾಕ್ಷಮ್ಮ. ಅವರ ಯಜಮಾನರಿದ್ದ ಕಾಲದಲ್ಲಿ ಒಂದು ಕಾರು ಘಾಟಿಯ ತಿರುವಿನಲ್ಲಿ ಲಾರಿಯಿಂದ ಕೆಳಕ್ಕೆ ಉರುಳಿತ್ತಂತೆ. ಖಾಲಿ ಇತ್ತು, ಅದಕ್ಕೇ ಬಿತ್ತು ಎಂದು ಆಕೆ ತೀರ್ಮಾನಿಸಿದ್ದರು. ಅಂದಿನಿಂದ ಡ್ರೈವರ್ ಸೀಟು ಖಾಲಿ ಇರುವ ಕಾರು ಆ ಯಾರ್ಡಿನ ಗೇಟು ದಾಟಿರಲಿಲ್ಲ. ಕಾಯಿಯನ್ನು ಇಡುವ ಹೊತ್ತೂ ಗೊತ್ತಾಗಿತ್ತು: ಕಾರನ್ನು ಲಾರಿಗೆ ಕಟ್ಟಿ ಮುಗಿದು ಕೊನೆಯ ಗಂಟು ಬಿದ್ದ ಮೇಲೆ. ಅದಕ್ಕೆ ಮುಂಚೆ ಇಡುವಂತಿರಲಿಲ್ಲ. "ಎಲ್ಲಾ ಸಿದ್ಧವಾದ ಮೇಲಲ್ವೇನಯ್ಯ ಡ್ರೈವರ್ ಬಂದು ಕೂರೋದು?" ಎನ್ನುತ್ತಿದ್ದರು. ಇಡುವ ಕೆಲಸ ಗುಮಾಸ್ತನದು. ನನಗೆ ಅದರಲ್ಲಿ ನಂಬಿಕೆ ಇರಲಿಲ್ಲ. ಆದರೆ ನನ್ನ ನಂಬಿಕೆಯನ್ನು ಅಲ್ಲಿ ಯಾರೂ ಕೇಳಿರಲಿಲ್ಲ. ಬಾಗಿಲು ತೆಗೆದು ಇಡುತ್ತಿದ್ದೆ, ಬೆಲ್ಟು ಹಾಕುತ್ತಿದ್ದೆ, ಬಾಗಿಲು ಮುಚ್ಚಿ ಬೀಗ ಹಾಕುತ್ತಿದ್ದೆ.

ಕಟ್ಟುವವನು ಚೌಡಪ್ಪ. ಅರವತ್ತು ದಾಟಿದ್ದಿರಬೇಕು. ನಾವೆಲ್ಲ ಚೌಡಣ್ಣ ಅನ್ನುತ್ತಿದ್ದೆವು. ಹಗ್ಗ ಬಿಗಿದು ಗಂಟು ಹಾಕಿ, ಅಂಗೈಯ ಅಂಚಿನಿಂದ ಹಗ್ಗಕ್ಕೆ ಒಂದೇಟು ಕೊಟ್ಟು ಕಿವಿ ಹತ್ತಿರ ತರುತ್ತಿದ್ದ. ಸದ್ದು ಒಪ್ಪಿಗೆಯಾದರೆ ಮುಂದಿನ ಗಂಟಿಗೆ ಹೋಗುತ್ತಿದ್ದ, ಆಗದಿದ್ದರೆ ಬಿಚ್ಚಿ ಮತ್ತೆ ಕಟ್ಟುತ್ತಿದ್ದ. "ಗಾಡಿ ಲಾರಿ ಮೇಲೆ ನಿಂತಂಗಿರಬಾರ್ದು ಗುಮಾಸ್ತ್ರೇ, ಅಲ್ಲೇ ಹುಟ್ಟಿದಂಗಿರ್ಬೇಕು" ಎಂದು ನನಗೆ ಮೊದಲ ವಾರವೇ ಹೇಳಿದ್ದ. ಘಾಟಿಯಲ್ಲಿ ಉರುಳಿದ ಆ ಕಾರು ಅವನು ಬರುವುದಕ್ಕೆ ಮುಂಚಿನದು. ಮೂವತ್ತು ವರ್ಷದಲ್ಲಿ ಅವನು ಕಟ್ಟಿದ ಒಂದು ಗಾಡಿಯೂ ಕದಲಿರಲಿಲ್ಲ. ಇದನ್ನು ಅವನು ಹೇಳಿಕೊಳ್ಳುತ್ತಿರಲಿಲ್ಲ. ಲಾರಿ ಡ್ರೈವರುಗಳು ಹೇಳುತ್ತಿದ್ದರು.

ಬೇಸಿಗೆಯ ಮೊದಲಲ್ಲಿ ಬಿಳಿಯ ಉದ್ದನೆಯ ಕಾರೊಂದು ಬಂತು. ಅದಕ್ಕೆ ಸ್ಪ್ರಿಂಗೂ ಇರಲಿಲ್ಲ, ಕಮಾನು ಪಟ್ಟಿಯೂ ಇರಲಿಲ್ಲ. ನಾಲ್ಕು ಗಾಲಿಗೆ ನಾಲ್ಕು ಗಾಳಿಚೀಲ, ಅವಕ್ಕೆ ಗಾಳಿ ತುಂಬಲು ಹೊಟ್ಟೆಯೊಳಗೇ ಒಂದು ಸಣ್ಣ ಯಂತ್ರ. ಒಂದು ಗುಂಡಿ ಒತ್ತಿದರೆ ಕಾರಿನ ಮೈ ಮೇಲೇಳುತ್ತಿತ್ತು, ಇನ್ನೊಂದು ಒತ್ತಿದರೆ ಉಸ್ಸೆಂದು ಕೂರುತ್ತಿತ್ತು. ಇಳಿಜಾರು ಹಲಗೆಯ ಮೇಲೆ ಹತ್ತಿಸುವಾಗ ಹೊಟ್ಟೆ ಉಜ್ಜದಿರಲಿ ಎಂದು ಮೇಲಕ್ಕೆತ್ತಿ, ಹತ್ತಿದ ಮೇಲೆ ಪೂರಾ ಕೂರಿಸಿದೆವು. ಲಾರಿ ಡ್ರೈವರ್ ಅಂತೋಣಪ್ಪ ಇದನ್ನು ನೋಡಿ, "ಒಂಟೆ ಕಣ್ರಪ್ಪೋ ಇದು, ಕಾರಲ್ಲ" ಎಂದು ನಕ್ಕ. ಚೌಡಣ್ಣ ಮುಂದೆ ಎರಡು, ಹಿಂದೆ ಎರಡು, ಕಾರಿನ ಮೈಗಿದ್ದ ಕೊಂಡಿಗಳಿಂದ ಲಾರಿಯ ಹಲಗೆಗೆ ಎಳೆದು ಕಟ್ಟಿದ. ಹಗ್ಗಗಳ ಸದ್ದು ಕೇಳಿದ. ನಾನು ಹೋಗಿ ಕಾಯಿ ಇಟ್ಟು ಬಂದೆ. ಲಾರಿ ಹೋಯಿತು.

ಮೂರನೆಯ ದಿನ ಅಂತೋಣಪ್ಪನ ಫೋನು ಬಂತು. ಎದುರಿಗೆ ಎಮ್ಮೆ ಬಂದು ಬ್ರೇಕ್ ಹಾಕಿದ್ದಕ್ಕೆ ಗಾಲಿಗೆ ಕೊಟ್ಟಿದ್ದ ಮರದ ತುಂಡು ಹಾರಿ, ಕಾರು ಮುಂದಕ್ಕೆ ಜಾರಿ ಬಂಪರ್ ಒಡೆದುಹೋಗಿತ್ತು. "ಹಿಂದಿನ ಹಗ್ಗ ಸಡಿಲ ಆಗಿತ್ತು ಕಣ್ರೀ" ಅಂದ. ವರದಿ ಬರೆಯುವುದು ನನ್ನ ಕೆಲಸ. ಬರೆದೆ: ಹಿಂದಿನ ಎಡಗಡೆಯ ಗಂಟು ಜಾರಿದ್ದರಿಂದ ಈ ಹಾನಿ ಆಗಿದೆ. ಹಗ್ಗವನ್ನು ನಾನು ಕಣ್ಣಲ್ಲಿ ನೋಡಿರಲಿಲ್ಲ. ಸಡಿಲವಾಗಿತ್ತು ಎಂದರೆ ಜಾರಿತ್ತು ಎಂದೇ ಅರ್ಥ ಎಂದುಕೊಂಡೆ. ಒಂದು ವಾಕ್ಯಕ್ಕೆ ಇನ್ನೇನು ಬೇಕು?

ಚೌಡಣ್ಣನಿಗೆ ಓದಲು ಬರುತ್ತಿರಲಿಲ್ಲ. "ಏನ್ ಬರ್ದಿದೀರಾ, ಓದಿ" ಅಂದ. ಓದಿದೆ. ಬೈಯುತ್ತಾನೆ ಎಂದುಕೊಂಡಿದ್ದೆ. ಅವನು ತನ್ನ ಎರಡೂ ಕೈಯನ್ನು ಮುಂದೆ ಚಾಚಿ ನೋಡಿಕೊಂಡ. ಬೆರಳುಗಳು ಸಣ್ಣಗೆ ನಡುಗುತ್ತಿದ್ದವು. ಅದು ಹೊಸದಲ್ಲ, ಆರೇಳು ತಿಂಗಳಿಂದ ಇತ್ತು. ಟೀ ಲೋಟ ಹಿಡಿದಾಗ ಕಾಣುತ್ತಿತ್ತು. "ಸರಿಯಾಗೇ ಬರ್ದಿದೀರಾ" ಎಂದು ಎದ್ದು ಹೋದ.

ಮಾರನೆಯ ದಿನದಿಂದ ಅವನು ಕಟ್ಟಲಿಲ್ಲ. ಕಮಲಾಕ್ಷಮ್ಮ ಏನೂ ಅಂದಿರಲಿಲ್ಲ, ಯಾರೂ ಬಿಡಿಸಿರಲಿಲ್ಲ. ತಾನೇ ಬಿಟ್ಟ. ಯಾರ್ಡಿನ ಮೂಲೆಯಲ್ಲಿ ಹರಿದ ಟಾರ್ಪಾಲುಗಳ ರಾಶಿಯ ಪಕ್ಕ ಕೂತು ದಬ್ಬಳದಿಂದ ಹೊಲಿಯತೊಡಗಿದ. ಗಾಡಿಗಳನ್ನು ಲಾರಿಯವರೇ ಕಟ್ಟಿಕೊಂಡು ಹೋಗುತ್ತಿದ್ದರು. ಹೀಗೆ ಮೂರು ತಿಂಗಳಾಯಿತು. ಒಮ್ಮೊಮ್ಮೆ ಅವನು ಹೊಲಿಗೆ ನಿಲ್ಲಿಸಿ, ರಾಶಿಯ ಅಡಿಯಿಂದ ಏನನ್ನೋ ತೆಗೆದು ನೋಡಿ ಮತ್ತೆ ಒಳಕ್ಕೆ ತುರುಕುವುದನ್ನು ಆಫೀಸಿನ ಕಿಟಕಿಯಿಂದ ನೋಡಿದ್ದೆ. ಬೀಡಿ ಕಟ್ಟಿರಬೇಕು ಎಂದುಕೊಂಡಿದ್ದೆ.

ಆಮೇಲೆ ಅದೇ ಜಾತಿಯ ಇನ್ನೊಂದು ಕಾರು ಬಂತು. ಇದು ಕಪ್ಪು. ಕಮಲಾಕ್ಷಮ್ಮ ಆಫೀಸಿನ ಜಗುಲಿಯಿಂದಲೇ ಕೂಗಿದರು.

"ಚೌಡ, ಬಾ ಇಲ್ಲಿ. ಇದನ್ನ ನೀನೇ ಕಟ್ಟಬೇಕು."

"ನನ್ ಕೈ ನಂಬ್ಬೇಡಿ ಅಮ್ಮಾ."

"ಮೂವತ್ತು ವರ್ಷ ನಂಬಿದೀನಿ. ಒಂದು ಸಲ ತಪ್ಪಿದ್ರೆ ಕೈ ಕಡಿದು ಬಿಸಾಕ್ತಾರೇನೋ?"

"ಒಂದು ಸಲ ತಪ್ಪಿದ್ರೆ ಪರ್ವಾಗಿಲ್ಲ. ತಪ್ಪಿದ್ದು ನಂಗೆ ಗೊತ್ತೇ ಆಗಿಲ್ವಲ್ಲ! ಏಟು ಕೊಟ್ಟು ಕೇಳಿದ್ದೆ. ಸರಿಯಾಗೇ ಕೇಳ್ತು. ಹಂಗಂದ್ಮೇಲೆ ಕೈ ಒಂದೇ ಅಲ್ಲ, ಕಿವೀನೂ ಕೆಟ್ಟೈತೆ."

ಕೊನೆಗೆ ಒಂದು ಒಪ್ಪಂದಕ್ಕೆ ಬಂದರು. ಹಗ್ಗ ಎಳೆಯುವುದು ಅಂತೋಣಪ್ಪ ಮತ್ತು ನಾನು, ಹೇಳಿಕೊಡುವುದು ಚೌಡಣ್ಣ. ಅವನು ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡು ನಿಂತ. "ಇನ್ನೊಂದು ಸುತ್ತು. ಹಂಗಲ್ಲ, ಒಳಗಿಂದ. ಗುಮಾಸ್ತ್ರೇ, ಹಗ್ಗ ಹಿಡ್ಕಂಡಿದೀರೋ, ಹೆಂಡ್ರ ಜಡೆ ಹಿಡ್ಕಂಡಿದೀರೋ? ಎಳೀರಿ!" ನನ್ನ ಅಂಗೈ ಸುಲಿಯಿತು. ನಾಲ್ಕು ಗಂಟು ಮುಗಿದ ಮೇಲೆ ಬೆನ್ನ ಹಿಂದಿನಿಂದ ಒಂದು ಕೈ ತೆಗೆದು, ಒಂದೊಂದು ಹಗ್ಗಕ್ಕೂ ಏಟು ಕೊಟ್ಟು ಕೇಳಿದ.

"ಸರಿ ಐತೆ" ಅಂದ. ಬಹಳ ದಿನಗಳ ಮೇಲೆ ಅವನ ಮುಖ ಸ್ವಲ್ಪ ತಿಳಿಯಾಗಿತ್ತು. ಅವನೂ ಅಂತೋಣಪ್ಪನೂ ಊಟಕ್ಕೆ ಹೋದರು. ಊಟ ಮುಗಿಸಿ ಬಂದು ಲಾರಿ ಹೊರಡಿಸುವುದೆಂದಾಯಿತು.

ನಾನು ಲಾರಿ ಹತ್ತಿ ಕಾರಿನ ಬಾಗಿಲು ತೆಗೆದು ಕಾಯಿ ಇಟ್ಟೆ. ಬೆಲ್ಟು ಹಾಕುತ್ತಿದ್ದಾಗ ಕಾಲಡಿಯಲ್ಲಿ ಗುಂಯ್ ಎಂಬ ಸದ್ದು ಶುರುವಾಯಿತು. ಆ ಸದ್ದು ನನಗೆ ಪರಿಚಿತ. ಬಿಳಿ ಕಾರಿಗೆ ಕಾಯಿ ಇಟ್ಟಾಗಲೂ ಕೇಳಿದ್ದೆ. ಆಗ ಅದು ಪಕ್ಕದ ಪಂಕ್ಚರ್ ಅಂಗಡಿಯ ಗಾಳಿ ತುಂಬುವ ಯಂತ್ರ ಎಂದುಕೊಂಡು ಇಳಿದು ಹೋಗಿದ್ದೆ. ಇವತ್ತು ಪಂಕ್ಚರ್ ಅಂಗಡಿ ಬಾಗಿಲು ಹಾಕಿತ್ತು.

ಬಾಗಿಲು ಮುಚ್ಚಿ ಬೀಗ ಹಾಕಿ ಅಲ್ಲೇ ನಿಂತೆ. ಹಿಂದಿನ ಹಗ್ಗ ಕಿರ್ ಕಿರ್ ಎಂದಿತು. ಕಾರಿನ ಮೈ ಮೆಲ್ಲಗೆ ಮೇಲೇಳುತ್ತಿತ್ತು. ಹಗ್ಗಗಳು ತಡೆಯುತ್ತಿದ್ದವು, ಕಾರು ಎಳೆಯುತ್ತಿತ್ತು. ಗಂಟುಗಳು ಕುಗ್ಗಿ ಕಲ್ಲಾಗುವುದನ್ನು ನೋಡಿದೆ. ಗಾಲಿಗೂ ಮಡ್‌ಗಾರ್ಡಿಗೂ ನಡುವೆ ಎರಡು ಬೆರಳು ಹಿಡಿಯುತ್ತಿದ್ದ ಸಂದಿನಲ್ಲಿ ಈಗ ನಾಲ್ಕು ಬೆರಳು ಹೋಗುತ್ತಿದ್ದವು. ಸ್ವಲ್ಪ ಹೊತ್ತಿಗೆ ಸದ್ದು ನಿಂತಿತು. ನಾನು ಲಾರಿಯ ಅಂಚಿನಲ್ಲಿ ಕೂತು ಕಾದೆ. ಬೀಗ ಹಾಕಿದ ಕಾರು ಮೆಲ್ಲಗೆ ಗಾಳಿ ಬಿಡುತ್ತಾ ಮತ್ತೆ ಕೂತಿತು. ಮೂರು ಬೆರಳು. ಆಮೇಲೆ ಎರಡು. ಹಗ್ಗ ಮಾತ್ರ ಮೊದಲಿನಂತಾಗಲಿಲ್ಲ. ಎಳೆದೂ ಎಳೆದೂ ಉದ್ದವಾಗಿದ್ದ ಅದು ಬಟ್ಟೆ ಒಣಗಿಸುವ ಹಗ್ಗದ ಹಾಗೆ ಜೋತುಬಿತ್ತು. ಗಂಟು ಒಂದು ಕೂದಲಿನಷ್ಟೂ ಜಾರಿರಲಿಲ್ಲ.

ಬಾಗಿಲು ತೆಗೆದರೆ ಆ ಕಾರು ಯಾರೋ ಹತ್ತುತ್ತಿದ್ದಾರೆ ಎಂದು ತಿಳಿದು ಎದ್ದು ನಿಲ್ಲುತ್ತಿತ್ತು. ಹತ್ತಿದ್ದು ತೆಂಗಿನಕಾಯಿ ಎಂದು ಅದಕ್ಕೆ ಹೇಗೆ ಗೊತ್ತಾಗಬೇಕು? ಬಿಳಿ ಕಾರಿನ ಬಂಪರ್ ಒಡೆದದ್ದು ನನ್ನ ಕೈಯಿಂದ. ಚೌಡಣ್ಣನ ಕೈಯಿಂದಲ್ಲ.

ನಿಜ ಹೇಳುತ್ತೇನೆ, ಮೊದಲು ಬಂದ ಯೋಚನೆ ಅಷ್ಟು ಒಳ್ಳೆಯದಾಗಿರಲಿಲ್ಲ. ಹಗ್ಗಗಳನ್ನು ನಾನೇ ಮತ್ತೆ ಬಿಗಿದುಬಿಟ್ಟರೆ ಆಯಿತು, ಇನ್ನು ಮೇಲೆ ಕಾಯಿಯನ್ನು ಮೊದಲೇ ಇಟ್ಟರೆ ಆಯಿತು, ಯಾರಿಗೂ ತಿಳಿಯುವುದಿಲ್ಲ. ಹಳೆಯ ವರದಿ ಹಳೆಯ ಕಡತದಲ್ಲಿ ಮಲಗಿರುತ್ತದೆ. ಎದ್ದು ಹಗ್ಗಕ್ಕೆ ಕೈ ಹಾಕಿಯೂ ಹಾಕಿದೆ. ಕಲ್ಲಾಗಿದ್ದ ಗಂಟು ನನ್ನಿಂದ ಬಿಚ್ಚಲಾಗಲಿಲ್ಲ. ಅಷ್ಟರಲ್ಲಿ ಅವರಿಬ್ಬರೂ ಬಂದರು.

ಚೌಡಣ್ಣ ಹಲ್ಲಿಗೆ ಕಡ್ಡಿ ಹಾಕಿಕೊಳ್ಳುತ್ತ ಬಂದವನು, ಅಭ್ಯಾಸಬಲದಿಂದ ಹಿಂದಿನ ಹಗ್ಗಕ್ಕೆ ಒಂದೇಟು ಕೊಟ್ಟ. ಪೊತ್ ಎಂದಿತು. ಇನ್ನೊಂದಕ್ಕೆ ಕೊಟ್ಟ. ಅದೂ ಹಾಗೇ. ಕಡ್ಡಿಯನ್ನು ಬಾಯಿಂದ ತೆಗೆದ.

"ಈಗ್ತಾನೆ ನೋಡಿದ್ನಲ್ಲ" ಅಂದ. ಯಾರಿಗೂ ಹೇಳಿದ್ದಲ್ಲ ಅದು. "ಸರಿ ಐತೆ ಅಂತ ನಾನೇ ಹೇಳಿದ್ನಲ್ಲ."

ಅಂತೋಣಪ್ಪ, "ಇರ್ಲಿ ಬಿಡಣ್ಣ, ಇನ್ನೊಂದ್ಸಲ ಬಿಗಿಯಾಣ" ಅಂದ.

"ಯಾರು ನೋಡಿ ಹೇಳೋರು? ನಾನಾ?" ಎಂದು ಹೆಗಲ ಮೇಲಿನ ಟವೆಲು ತೆಗೆದು ಮುಖ ಒರೆಸಿಕೊಂಡು, ಜಗುಲಿಯ ಕಡೆ ತಿರುಗಿ ಕೂಗಿದ. "ಅಮ್ಮಾ, ನಾಳೆಯಿಂದ ಬರಾಕಿಲ್ಲ ನಾನು. ಟಾರ್ಪಾಲೂ ಬೇಡ, ಏನೂ ಬೇಡ. ಯಾರ್ದಾದ್ರೂ ತಲೆ ಮೇಲೆ ಗಾಡಿ ಬಿದ್ದಾತು."

ಕಮಲಾಕ್ಷಮ್ಮ ಸೆರಗು ಸಿಕ್ಕಿಸಿಕೊಂಡು ಇಳಿದು ಬಂದರು. ಅವರು ಬಾಯಿ ತೆರೆಯುವ ಮೊದಲೇ ನಾನು ಹೇಳಿದೆ.

"ಚೌಡಣ್ಣ, ಗಂಟು ಜಾರಿಲ್ಲ."

"ಕಾಣ್ತಾ ಐತಲ್ಲ, ಬಿಡಿ."

"ಇದೂ ಜಾರಿಲ್ಲ. ಅವತ್ತಿಂದೂ ಜಾರಿರಲಿಲ್ಲ. ಕಟ್ಟಿದ ಮೇಲೆ ನಾನು ಬಾಗಿಲು ತೆಗೆದೆ. ಅದಕ್ಕೆ ಹೀಗಾಯ್ತು."

ಮೂವರೂ ನನ್ನನ್ನೇ ನೋಡಿದರು. ಬಾಯಲ್ಲಿ ಹೇಳಿದರೆ ಅರ್ಥವಾಗುವ ಹಾಗಿರಲಿಲ್ಲ. ಬೀಗ ತೆಗೆದು ಬಾಗಿಲು ತೆರೆದೆ. ಒಳಗೆ ಕಾಯಿ ಬೆಲ್ಟು ಹಾಕಿಕೊಂಡು ಕೂತಿತ್ತು. ಗುಂಯ್ ಎಂಬ ಸದ್ದು ಎದ್ದಿತು. ಕಾರು ಎಲ್ಲರ ಕಣ್ಣೆದುರಿಗೇ ನಿಧಾನಕ್ಕೆ ಎದ್ದು, ಜೋತುಬಿದ್ದಿದ್ದ ಹಗ್ಗಗಳನ್ನು ತಂತಿಯ ಹಾಗೆ ಸೆಟೆಸಿತು.

"ಅಯ್ಯೋ ಇದರ!" ಅಂದ ಅಂತೋಣಪ್ಪ. "ಬಾಗ್ಲು ತಗ್ದಿದ್ಕೇ ಎದ್ದು ನಿಂತ್ಕತಲ್ರೋ, ಬೀಗರು ಬಂದಂಗೆ!"

ಚೌಡಣ್ಣ ನಗಲಿಲ್ಲ. ಹಗ್ಗಕ್ಕೆ ಏಟು ಕೊಟ್ಟ. ಟಣ್ ಎಂದಿತು. ಬಾಗಿಲು ಮುಚ್ಚಿಸಿದ. ಲಾರಿಯ ಹಲಗೆಯ ಮೇಲೆ ಕುಕ್ಕರಗಾಲಲ್ಲಿ ಕೂತು, ಕಾರು ಮತ್ತೆ ಕೂರುವ ತನಕ ಕದಲದೆ ನೋಡಿದ. ನಾವೆಲ್ಲ ಕಾದೆವು. ಆಮೇಲೆ ಮತ್ತೊಂದು ಏಟು. ಪೊತ್.

"ಹಂಗಾರೆ ಅವತ್ತು ಗಂಟು ಜಾರಿರ್ಲಿಲ್ವಾ?"

"ಇಲ್ಲ."

"ನಿಜವಾಗ್ಲೂ?"

"ಇಲ್ಲ ಚೌಡಣ್ಣ. ನಾನು ಹಗ್ಗ ನೋಡದೆ ಬರೆದೆ."

ಅವನು ಲಾರಿಯಿಂದ ಇಳಿದು ಯಾರ್ಡಿನ ಮೂಲೆಗೆ ಹೋದ. ಟಾರ್ಪಾಲಿನ ರಾಶಿಯ ಅಡಿಗೆ ಕೈ ಹಾಕಿ ಮೊಳದುದ್ದದ ಹಗ್ಗದ ತುಂಡೊಂದನ್ನು ತಂದ. ಎರಡೂ ತುದಿ ಕೊಯ್ದಿತ್ತು. ನಡುವೆ ಒಂದು ಗಂಟು, ಅಡಿಕೆಯ ಹಾಗೆ ಕಲ್ಲಾಗಿತ್ತು.

"ಅಂತೋಣಿ, ಇದು ಆ ಬಿಳೀ ಕಾರಿಂದು. ನೀನೇ ಕುಯ್ದು ಲಾರೀಲಿ ಬಿಸಾಕಿದ್ದೆ, ಅಲ್ವಾ?"

"ಹೌದಣ್ಣ. ಹಗ್ಗ ಸಡಿಲ ಆಗಿತ್ತು, ಗಂಟು ಮಾತ್ರ ಬಿಚ್ಚಾಕ್ ಆಗ್ಲಿಲ್ಲ. ಕುಯ್ದೆ."

"ಅದನ್ನ ಅವತ್ತೇ ಬೊಗಳಾಕೆ ಏನಾಗಿತ್ತು?"

"ಯಾರು ಕೇಳಿದ್ರು?"

ಅದು ನನಗೆ ತಾಗಬೇಕಾದ ಮಾತು. ತಾಗಿತು.

ಚೌಡಣ್ಣ ಹಗ್ಗದ ತುಂಡನ್ನು ನನ್ನ ಮುಖದ ಮುಂದೆ ಹಿಡಿದ. "ಜಾರಿದ್ ಗಂಟು ಇಷ್ಟು ಬಿಗಿ ಯಾಕೈತೆ ಅಂತ ಮೂರು ತಿಂಗ್ಳಿಂದ ನೋಡ್ತಾ ಇವ್ನಿ. ಯಾರ್ಗಾದ್ರೂ ತೋರ್ಸಿದ್ರೆ, ಮುದುಕ ತಪ್ಪು ಮುಚ್ಕಳಾಕೆ ಕತೆ ಕಟ್ತಾನೆ ಅಂತಾರೆ ಅಂತ ಸುಮ್ಕಿದ್ದೆ. ನಿನ್ ಬರವಣಿಗೆಗೆ ಬೆಂಕಿ ಬೀಳ!" ಬಹುವಚನ ಬಿಟ್ಟುಹೋಗಿತ್ತು. ಹಾಗೆಯೇ ಇನ್ನೂ ಎರಡು ಮೂರು ಮಾತು ಬಂದವು, ಅವನ್ನು ಇಲ್ಲಿ ಬರೆಯಲಾಗದು. ಬೈಯುತ್ತ ಬೈಯುತ್ತಲೇ ಅವನ ಮುಖ ಬಿಚ್ಚಿಕೊಂಡಿತು. ಕೊನೆಯ ಬೈಗುಳದ ಹೊತ್ತಿಗೆ ಅವನು ನಗುತ್ತಿದ್ದ. ಬೈಸಿಕೊಂಡು ಅಷ್ಟು ಹಗುರಾದದ್ದು ನನಗೆ ಅದೊಂದೇ ಸಲ.

ಕಮಲಾಕ್ಷಮ್ಮ, "ಕಾಯಿ ಇಡ್ಸಿದ್ದು ನಾನು. ನಂದೂ ತಪ್ಪಿದೆ" ಎಂದರು. "ಆ ವರದಿ ತಂದು ಹರಿದಾಕಯ್ಯ."

"ಹರೀಬ್ಯಾಡಿ" ಅಂದ ಚೌಡಣ್ಣ. "ಅದ್ರ ಕೆಳ್ಗೇ ಬರೀಲಿ. ಬರ್ದು ಓದ್ಲಿ."

ಕಡತ ತಂದೆ. ಹಳೆಯ ವಾಕ್ಯದ ಕೆಳಗೆ ಬರೆದೆ, ಜಗುಲಿಯ ಮೆಟ್ಟಿಲ ಮೇಲೆ ನಿಂತು ಓದಿದೆ: "ಮೇಲೆ ಬರೆದದ್ದು ತಪ್ಪು. ಗಂಟು ಜಾರಿರಲಿಲ್ಲ. ಕಟ್ಟಿ ಮುಗಿದ ಮೇಲೆ ಗುಮಾಸ್ತ ಬಾಗಿಲು ತೆಗೆದದ್ದರಿಂದ ಕಾರು ಎದ್ದು ಹಗ್ಗ ಹಿಗ್ಗಿತು."

"ಇನ್ನೊಂದ್ಸಲ ಓದಿ" ಅಂದ. ಓದಿದೆ. ಅವನು ತಲೆ ತಗ್ಗಿಸಿ, ಹಗ್ಗಕ್ಕೆ ಏಟು ಕೊಟ್ಟು ಕೇಳುವಾಗಿನ ಹಾಗೆಯೇ ಕೇಳಿಸಿಕೊಂಡ. ಬಹುವಚನ ವಾಪಸು ಬಂದಿತ್ತು.

ಆಮೇಲೆ ಈ ಕಾರನ್ನು ಹೇಗೆ ಕಳಿಸುವುದೆಂಬ ಮಾತು ಬಂತು. ಬ್ಯಾಟರಿ ಬಿಚ್ಚಿಬಿಡೋಣ ಎಂದು ಅಂತೋಣಪ್ಪ ಹೇಳಿದ. ಹಾಗೆ ಮಾಡಕೂಡದೆಂದು ಕಾರಿನವರು ಮೊದಲೇ ಹೇಳಿ ಕಳಿಸಿದ್ದರು. ದಾರಿಯಲ್ಲಿ ಯಾರಾದರೂ ಬಾಗಿಲು ತೆಗೆದರೆ, ಕುಲುಕಾಟಕ್ಕೆ ಅದೇ ಎದ್ದುಬಿಟ್ಟರೆ ಎಂದೆಲ್ಲ ನಾನು ಶುರುಮಾಡಿದೆ. ಚೌಡಣ್ಣ ಕಾರಿನ ಸುತ್ತ ಎರಡು ಸುತ್ತು ಬಂದ.

"ಇದು ಏಳಾದು ಕೂರಾದು ಎಲ್ಲಾ ಮೈಯಲ್ಲಿ. ಕಾಲು ಇದ್ದಲ್ಲೇ ಇರ್ತವೆ. ನೋಡಿದ್ರಾ? ಮೈ ಕಟ್ಟಿದ್ರೆ ತಾನೆ ಕಿತ್ತಾಡಾದು? ಕಾಲು ಕಟ್ಟಾಣ. ಮೈ ಏನಾದ್ರೂ ಮಾಡ್ಕಳ್ಳಿ."

ಹೀಗೆ ಮೂವತ್ತು ವರ್ಷದಿಂದ ಗಾಡಿಯ ಮೈಯನ್ನು ಹಲಗೆಗೆ ಅಂಟಿಸುತ್ತಿದ್ದವನು ಅಂದು ಮೈಯನ್ನು ಬಿಟ್ಟು ನಾಲ್ಕು ಗಾಲಿಗಳನ್ನು ಕಟ್ಟಿದ. ಗಾಲಿಯ ಮೇಲಿಂದ ಅಗಲವಾದ ಪಟ್ಟಿ ಹಾಯಿಸಿ, ಹಿಂದೆ ಮುಂದೆ ಮರದ ತುಂಡು ಕೊಟ್ಟು, ಪಟ್ಟಿಯ ತುದಿಗಳನ್ನು ಹಗ್ಗದಿಂದ ಹಲಗೆಯ ಕೊಂಡಿಗಳಿಗೆ ಬಿಗಿದ. ಯಾರೂ ಅವನಿಗೆ ಹೇಳಲಿಲ್ಲ, ಅವನೂ ಕೇಳಲಿಲ್ಲ. ಹಗ್ಗ ತಾನಾಗಿ ಅವನ ಕೈಗೆ ಬಂದಿತ್ತು. ಬೆರಳುಗಳು ನಡುಗುತ್ತಲೇ ಇದ್ದವು. ನಡುಕ ವಾಸಿಯಾಯಿತು ಎಂದು ಬರೆದರೆ ಸುಳ್ಳಾಗುತ್ತದೆ. ಆ ನಡುಕದಲ್ಲೇ ಗಂಟುಗಳು ಸರಿಯಾಗಿ ಬಿದ್ದವು. ಲಾರಿ ಗೇಟಿನ ಹೊಂಡಕ್ಕೆ ಇಳಿದು ಹತ್ತಿದಾಗ ಕಾರಿನ ಮೈ ಒಮ್ಮೆ ತಗ್ಗಿ ಎದ್ದಿತು. ಗಾಲಿಗಳು ಕದಲಲಿಲ್ಲ.

ಆ ಮೂರು ದಿನ ಆಫೀಸಿನ ಫೋನು ಹೊಡೆದುಕೊಂಡಾಗಲೆಲ್ಲ ಟಾರ್ಪಾಲಿನ ಮೂಲೆಯಲ್ಲಿ ದಬ್ಬಳ ನಿಲ್ಲುತ್ತಿತ್ತು. ಮೂರನೆಯ ಮಧ್ಯಾಹ್ನ ಅಂತೋಣಪ್ಪ ಮಾಡಿದ. ಫೋನನ್ನು ನಾನು ಕಿವಿಗಿಡದೆ ಚೌಡಣ್ಣನ ಕೈಗೇ ಕೊಟ್ಟೆ. ಅವನು ಅದನ್ನು ತಲೆಕೆಳಗಾಗಿ ಹಿಡಿದು, ತಿರುಗಿಸಿಕೊಂಡು ಕೇಳಿದ. ಆ ಕಡೆಯ ದನಿ ಜಗುಲಿಯವರೆಗೂ ಕೇಳುತ್ತಿತ್ತು.

"ಇಳಿಸಿದ್ವಿ ಕಣಣ್ಣ! ಒಂದು ಗೀರಿಲ್ಲ! ದಾರಿ ಉದ್ದಕ್ಕೂ ತೂಗಾಡ್ಕಂಡು ಬಂತು, ಕಾಲು ಕಿತ್ತಿಲ್ಲ!"

"ಡ್ರೈವರ್ರು ಹೆಂಗವ್ರೆ?" ಎಂದು ಕೇಳಿದ ಚೌಡಣ್ಣ.

"ನಾನಾ? ನಾನ್ ಚೆನ್ನಾಗಿವ್ನಿ."

"ನಿನ್ನನ್ನ ಯಾರ್ಲಾ ಕೇಳಿದ್ರು? ಜುಟ್ಟಿನೋರು."

"ಓ! ಅವ್ರು ಕೂತಲ್ಲೇ ಕೂತವ್ರೆ."

ಫೋನಿಟ್ಟು ಅವನು ಹೊರಗೆ ಬಂದು ಮೆಟ್ಟಿಲ ಮೇಲೆ ಕೂತ. ಕಮಲಾಕ್ಷಮ್ಮ ಟೀ ತರಿಸಿದರು. ಲೋಟ ಅವನ ಕೈಯಲ್ಲಿ ಸಣ್ಣಗೆ ನಡುಗಿತು. ಅದನ್ನು ಮುಚ್ಚಲು ಅವನು ಲೋಟವನ್ನು ಎರಡು ಕೈಯಲ್ಲಿ ಹಿಡಿಯಲಿಲ್ಲ. ಒಂದೇ ಕೈಯಲ್ಲಿ ಹಿಡಿದು, ಸ್ವಲ್ಪ ಚೆಲ್ಲಿಕೊಂಡು ಕುಡಿದ.

ಮಾರನೆಯ ದಿನ ಒಂದು ಸಾಧಾರಣ ಕಾರು ಬಂತು, ಸ್ಪ್ರಿಂಗಿನದು. ಅದಕ್ಕೆ ಬಾಗಿಲು ಯಾವಾಗ ತೆಗೆದರೂ ಏನೂ ಆಗುವುದಿಲ್ಲ. ಆದರೂ ನಾನು ಹಗ್ಗಕ್ಕೆ ಮುಂಚೆ ಕಾಯಿ ತೆಗೆದುಕೊಂಡು ಲಾರಿ ಹತ್ತಿದೆ. ಕಮಲಾಕ್ಷಮ್ಮ ಜಗುಲಿಯಿಂದ ನೋಡಿದರು, ಬೇಡ ಅನ್ನಲಿಲ್ಲ. ಬೆಲ್ಟು ಹಾಕಿ ಜುಟ್ಟು ನೆಟ್ಟಗೆ ಮಾಡಿದೆ. ಕೆಳಗೆ ಚೌಡಣ್ಣ ಹಗ್ಗದ ಸುರುಳಿ ಹೆಗಲಿಗೆ ಹಾಕಿಕೊಂಡು ನಿಂತಿದ್ದ.

"ಕೂತ್ಕಂಡ್ರಾ ಡ್ರೈವರ್ರು?"

"ಕೂತ್ಕಂಡ್ರು."

"ಬಾಗ್ಲಾಕಿ, ಹಂಗಾರೆ."

ಹಾಕಿದೆ. ಗಾಜಿನೊಳಗೆ ಕಾಯಿ ಮುಂದಕ್ಕೆ ನೋಡುತ್ತ ಕೂತಿತ್ತು. ಅದರ ಹಿಂದೆ, ಇನ್ನೊಂದು ಕಿಟಕಿಯ ಆಚೆ, ಹಗ್ಗ ಕೊಂಡಿಗೆ ಉಜ್ಜುವ ಸದ್ದು ಶುರುವಾಯಿತು.